ಒಂದೇ ಗೋದಾಮು, ಎಂಟು ಪೆಟ್ಟಿಗೆ

ಬೀಗ, ತಿರುಪು, ಬಾಗಿಲ ಹಿಡಿಗಳ ಆ ಸಗಟು ಗೋದಾಮಿನಲ್ಲಿ ಮಹಡಿ ಅಣ್ಣನದು, ಕೆಳಗಿನದು ತಮ್ಮನದು. ಅಣ್ಣ ಮೇಲೊಂದು ವೈಫೈ ಪೆಟ್ಟಿಗೆ ಹಾಕಿಸಿದರೆ ತಮ್ಮ ಕೆಳಗೆ ಎರಡು ಹಾಕಿಸುವುದು, ಅದನ್ನು ಕಂಡು ಅಣ್ಣ ಇನ್ನೆರಡು ತರಿಸುವುದು. ಹೀಗೆ ನೀನಾ ನಾನಾ ಎಂದು ಎಂಟು ಪೆಟ್ಟಿಗೆಗಳು ಚಾವಣಿಯಲ್ಲಿ ಹಸಿರು ಕಣ್ಣು ಮಿಟುಕಿಸುತ್ತಿದ್ದವು. ವೈಫೈ ಒಂದನ್ನು ಬಿಟ್ಟು ಮಿಕ್ಕೆಲ್ಲ ಇತ್ತು. ಸರಕು ತೆಗೆಯುವವರ ಸ್ಕ್ಯಾನರ್ ಅರ್ಧದಲ್ಲೇ ಕೈಕೊಡುತ್ತಿತ್ತು. ಹೋದ ವಾರ ಒಬ್ಬ ಗಿರಾಕಿಗೆ ಬರೀ ಬೀಗಗಳು ಹೋದವು, ಅವುಗಳ ಕೀಲಿಯೆಲ್ಲ ಇನ್ನೊಬ್ಬನಿಗೆ.

ಗೋದಾಮಿನ ಒಡತಿ ಇಬ್ಬರ ತಾಯಿ. ಮನೆಮಂದಿಗೆಲ್ಲ ಅಜ್ಜಿ. ಅವರು ಅಂದೇ ಕಡ್ಡಿ ಮುರಿದಂತೆ ಹೇಳಿದರು: "ಇನ್ನೊಂದ್ಸಲ ಹೀಗಾದ್ರೆ ಗೋದಾಮೂ ಪಾಲು, ಮನೇನೂ ಪಾಲು."

ಗಂಡುಮಕ್ಕಳಿಬ್ಬರೂ ಆಗಲಿ ಎಂದು ಮೀಸೆ ತಿರುವಿದರು. ಎದೆ ಧಸಕ್ಕೆಂದದ್ದು ತಮ್ಮನ ಸೊಸೆಗೆ. ನೆಟ್‌ವರ್ಕ್ ಕೆಲಸದ ಅವಳು ಆಫೀಸಿಗೆ ಹೋದಾಗ ಕೂಸನ್ನು ನೋಡಿಕೊಳ್ಳುವವರು ದೊಡ್ಡತ್ತೆ, ಅಣ್ಣನ ಹೆಂಡತಿ. ಮನೆ ಪಾಲಾದರೆ ದೊಡ್ಡತ್ತೆ ಗೋಡೆಯ ಆಚೆ, ಕೂಸು ಈಚೆ. ಕೂಸು ತನಗಿಂತ ಅವರನ್ನೇ ಹಚ್ಚಿಕೊಂಡಿದೆಯೆಂದು ಅವಳಿಗೆ ಹೊಟ್ಟೆಕಿಚ್ಚಿತ್ತು. ಅವರಿಲ್ಲದೆ ತನ್ನ ಒಂದು ದಿನವೂ ಸಾಗದೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು. ಭಾನುವಾರ ಏಣಿ, ಲ್ಯಾಪ್‌ಟಾಪ್ ಹಿಡಿದು ಗೋದಾಮಿಗೆ ಹೊರಟಳು.

ರೋಗ ತಿಳಿಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಎಂಟೂ ಪೆಟ್ಟಿಗೆಗಳು ಒಂದೇ ಚಾನೆಲ್‌ನಲ್ಲಿ ಗಂಟಲು ಹರಿಯುವಂತೆ ಅರಚುತ್ತಿದ್ದವು.

"ಎಲ್ಲರೂ ಒಟ್ಟಿಗೆ ಕಿರುಚಿದ್ರೆ ಯಾರ ಮಾತು ಯಾರಿಗೆ ಕೇಳ್ಸುತ್ತೆ, ಮಾವ? ನಾಲ್ಕು ನಿಲ್ಲಿಸಿ ಉಳಿದಿದ್ದರ ಪವರ್ ಇಳಿಸ್ಬೇಕು."

"ಸರಿಯಾಗಿ ಹೇಳ್ದೆ ಕಣಮ್ಮ," ಎಂದರು ಮಾವ. "ಮೊದ್ಲು ಮೇಲಿನವರದ್ದು ಇಳಿಸು."

ಮೇಲೆ ಹೋದಳು.

"ಜಾಣೆ!" ಎಂದರು ದೊಡ್ಡಮಾವ. "ಕೆಳಗಿನವನದ್ದು ಇಳಿಸಿ ಬಾ, ಆಮೇಲೆ ನೋಡೋಣ."

ಹತ್ತಿ ಇಳಿದು ಮಂಡಿ ಸವೆದದ್ದೇ ಬಂತು. ಕೊನೆಗೆ ಅವಳಿಗೆ ರೇಗಿಹೋಯಿತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂದುಕೊಂಡು ಎಂಟನ್ನೂ ತನ್ನ ಲ್ಯಾಪ್‌ಟಾಪಿನ ಹತೋಟಿಗೆ ತಂದಳು. ನಾಲ್ಕರ ಬಾಯಿ ಕಟ್ಟಿ, ದೀಪ ಮಾತ್ರ ಉರಿಯಲು ಬಿಟ್ಟಳು. ಉಳಿದ ನಾಲ್ಕಕ್ಕೆ ಬೇರೆ ಬೇರೆ ಚಾನೆಲ್ ಕೊಟ್ಟು ದನಿ ತಗ್ಗಿಸಿದಳು. ಆಮೇಲೆ ಇಬ್ಬರ ಫೋನಿಗೂ 'ಪವರ್' ಎಂಬ ತಿರುಗಿಸುವ ಗುಂಡಿಯೊಂದನ್ನು ಹಾಕಿಕೊಟ್ಟಳು. ತಿರುಗಿಸಿದರೆ ಅಂಕಿ ನೂರರವರೆಗೆ ಏರುತ್ತದೆ, ಅಷ್ಟೇ. ಯಾವ ಪೆಟ್ಟಿಗೆಗೂ ಅದಕ್ಕೂ ಸಂಬಂಧವಿರಲಿಲ್ಲ.

"ನಿಮ್ಮ ಜಾಗ ಇನ್ನು ನಿಮ್ಮ ಕೈಲಿ," ಎಂದಳು ಇಬ್ಬರಿಗೂ.

ಸೋಮವಾರ ಇಬ್ಬರೂ ನೂರಕ್ಕೆ ತಿರುಗಿಸಿ ಕೂತರು. ಒಂದು ಆರ್ಡರೂ ತಪ್ಪಲಿಲ್ಲ. ಬೀಗ, ಕೀಲಿ ಒಂದೇ ಡಬ್ಬಿಯಲ್ಲಿ ಹೊರಟವು.

"ನಂದು ನೂರಕ್ಕಿಟ್ಟಿದ್ದಕ್ಕೆ ಅವನಿಗೂ ಸಿಗ್ತಾ ಇದೆ," ಎಂದರು ದೊಡ್ಡಮಾವ. ಮಾವನಂತೂ ಮಧ್ಯಾಹ್ನದ ಹೊತ್ತಿಗೆ ಕರಗಿಹೋಗಿ, "ಪಾಪ, ಅಣ್ಣನೂ ಬದುಕ್ಲಿ," ಎಂದು ಎಂಬತ್ತಕ್ಕೆ ಇಳಿಸಿದರು.

ಸಂಜೆ ಅಜ್ಜಿ ಸೊಸೆಯನ್ನು ಕೋಣೆಗೆ ಕರೆದರು. ಅವರ ಕೈಯಲ್ಲಿ ಮಾವನ ಫೋನಿತ್ತು. ಗುಂಡಿಯನ್ನು ಸೊನ್ನೆಗೆ ತಿರುಗಿಸಿ ಕೇಳಿದರು: "ಇದು ಸುಮ್ನೆ ತಿರುಗೋದು, ಅಲ್ವೇನೇ?"

ಎಲ್ಲ ಕೆಟ್ಟಿತು ಎಂದುಕೊಂಡಳು ಸೊಸೆ.

"ಹೆದರ್ಬೇಡ. ಚಿಕ್ಕವರಿದ್ದಾಗ ಇಬ್ರೂ ಒಂದೇ ಫ್ಯಾನಿನ ಕೆಳಗೆ ಮಲಗ್ತಿದ್ರು. ಜೋರು ಮಾಡು, ಕಮ್ಮಿ ಮಾಡು ಅಂತ ದಿನಾ ಕುಸ್ತಿ. ಇಬ್ಬರ ತಲೆದೆಸೆಗೂ ಒಂದೊಂದು ರೆಗ್ಯುಲೇಟರ್ ಹಾಕಿಸ್ದೆ. ಎರಡಕ್ಕೂ ವೈರ್ ಕೊಡಿಸ್ಲಿಲ್ಲ. ಮದುವೆ ಆಗೋವರೆಗೂ ತಿರುಗಿಸ್ತಾನೇ ಇದ್ರು."

ಸೊಸೆಗೆ ಹೋದ ಜೀವ ಬಂದಂತಾಯಿತು. "ಹಾಗಾದ್ರೆ ಅಜ್ಜಿ, ಮನೆ ಪಾಲು ಮಾಡ್ತೀನಿ ಅಂದಿದ್ದು?"

"ಅದಾ?" ಅಜ್ಜಿ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಅದಕ್ಕೂ ವೈರಿಲ್ಲ ಕಣೆ. ನೂರಕ್ಕೆ ತಿರುಗಿಸಿದ್ದೆ, ಅಷ್ಟೇ."

ಸೊಸೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಭಾನುವಾರವೆಲ್ಲ ಹತ್ತಿಳಿದ ಮಂಡಿ ಇನ್ನೂ ನೋಯುತ್ತಿತ್ತು.