ಹಾಕದ ಚಿಲಕ

"ತೊಳಿ ಅಂತ ಕಳಿಸಿದ್ರೆ ಕೂರೋಕೆ ಹೋಗಿದ್ಯೇನೇ ಮುಂಡೇದೆ? ತೆಗಿ ಬಾಗ್ಲು!"

ಬಾಗಿಲು ತೆರೆದೇ ಇತ್ತು. ಮ್ಯಾನೇಜರ್ ಒದ್ದ ರಭಸಕ್ಕೆ ಅದು ಗೋಡೆಗೆ ಬಡಿದು, ವಾಪಸು ಬಂದು ಅವನ ಮೂಗಿಗೇ ತಾಕಿತು. ಒಳಗೆ ಬಟ್ಟೆ ಎತ್ತಿಕಟ್ಟಿ ಆಫೀಸಿನ ಕಕ್ಕಸಿನ ಪಿಂಗಾಣಿ ಉಜ್ಜುತ್ತಿದ್ದ ಗುಬ್ಬಿ ತುಟಿ ಕಚ್ಚಿ ನಗು ನುಂಗಿದಳು.

ಅದು ಬಡವರಿಗೆ ಕಕ್ಕಸು ಕಟ್ಟಿಸಿಕೊಡುವ ಸಂಸ್ಥೆ. ಗೋಡೆ ತುಂಬ ‘ಎಲ್ಲರಿಗೂ ಶೌಚಾಲಯ’ ಅನ್ನುವ ಬ್ಯಾನರು. ಗುಡಿಸುವವರಿಗೆ ಮಾತ್ರ ಗೋಡೌನಿನ ಹಿಂದಿನ ಮುಳ್ಳುಪೊದೆ. ಅಲ್ಲೀಗ ಲಾರಿಗಳು ನಿಲ್ಲತೊಡಗಿದ್ದವು. ಗುಬ್ಬಿಯೂ ಅವಳ ಜೊತೆ ಗುಡಿಸುವ ಚಿಕ್ಕಮ್ಮನೂ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಚಿಕ್ಕಮ್ಮನಿಗೆ ಉರಿಮೂತ್ರ ಶುರುವಾಗಿತ್ತು. ಕೇಳಿದರೆ ಮ್ಯಾನೇಜರನದು ಒಂದೇ ಮಾತು: "ಸ್ವಲ್ಪ ತಡ್ಕೊಳ್ರೇ. ನೀವು ಕೂತಲ್ಲಿ ನಾವು ಕೂರೋಕಾಗುತ್ತಾ?"

ದೇಶದೇಶಗಳ ಸೇವಾಸಂಸ್ಥೆಗಳೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟವೊಂದಿತ್ತು. ಅದಕ್ಕೆ ಸೇರಲು ಅಂದು ಮ್ಯಾನೇಜರ್ ಟೈ ಬಿಗಿದುಕೊಂಡು ತುದಿಗಾಲಲ್ಲಿದ್ದ. ಸೇರಿಸಿಕೊಳ್ಳುವ ಮೊದಲು ಒಕ್ಕೂಟದವರು ಕಂಪ್ಯೂಟರಿನಲ್ಲೇ, ಕಕ್ಕಸು ಸಿಕ್ಕ ಒಬ್ಬ ಬಡವಿಯ ಹತ್ತಿರ ಮಾತಾಡಬೇಕಂತೆ. ಬರಬೇಕಿದ್ದ ಬಡವಿ ಕೈಕೊಟ್ಟಳು.

"ಏ ಗುಬ್ಬಿ, ನೀನೇ ಬಾ. ‘ಇವ್ರಿಂದ ನಮಗೂ ಕಕ್ಕಸು ಸಿಕ್ತು’ ಅನ್ನು, ಸಾಕು. ಜಾಸ್ತಿ ಬಾಯಿಬಿಟ್ಯೋ, ನಾಳೆಯಿಂದ ಬರ್ಲೇಬೇಡ."

ತೆರೆಯ ಮೇಲೆ ಬಿಳಿಗೂದಲಿನ ಹೆಂಗಸು. ಪಕ್ಕದಲ್ಲಿ ಅವಳ ಮಾತನ್ನು ನಮ್ಮ ಮಾತಿಗೆ ತಿರುಗಿಸುವ ಹುಡುಗಿ. ಗುಬ್ಬಿ ಹೇಳಿಕೊಟ್ಟದ್ದನ್ನು ಒಪ್ಪಿಸಿದಳು.

"ಅಕ್ಕಾ, ಅದನ್ನ ಒಂಚೂರು ತೋರಿಸ್ತೀರಾ?" ಎಂದಳು ಹುಡುಗಿ.

ಮ್ಯಾನೇಜರ್ ನಡುವೆ ಬಾಯಿ ಹಾಕಿದ. "ಅದು ಬಹಳ ದೂರ ಆಗುತ್ತೆ ಮೇಡಂ..."

"ಎಲ್ಲಿ ದೂರ ಸಾರ್? ಬನ್ನಿ, ಇಲ್ಲೇ ಇದೆಯಲ್ಲ."

ಗುಬ್ಬಿ ಎದ್ದು ತಾನು ತೊಳೆಯುವ ಕಕ್ಕಸಿನ ಕಡೆ ನಡೆದೇಬಿಟ್ಟಳು. ಲ್ಯಾಪ್‌ಟಾಪ್ ಮುಚ್ಚಿದರೆ ಒಕ್ಕೂಟ ಕೈತಪ್ಪುತ್ತದೆ. ಅದನ್ನು ಎಳೆಗೂಸಿನಂತೆ ಎತ್ತಿಕೊಂಡು ಮ್ಯಾನೇಜರ್ ಹಿಂದೆ ಓಡಿದ.

"ಅಯ್ಯೋ, ಎಷ್ಟು ಚೆನ್ನಾಗಿದೆ! ದಿನಾ ಬಳಸ್ತೀರಾ?" ಎಂದಳು ತೆರೆಯ ಮೇಲಿನ ಹುಡುಗಿ.

"ಇವತ್ತಿಂದ," ಎಂದು ಗುಬ್ಬಿ ಒಳಹೋಗಿ ಬಾಗಿಲು ಮುಚ್ಚಿದಳು. ಒಳಗಿನ ಚಿಲಕವನ್ನು ದಿನಾ ಒರೆಸಿದವಳು ಅವಳೇ. ಹಾಕಿದ್ದು ಒಮ್ಮೆಯೂ ಇಲ್ಲ. ಈಗ ಅದು ಬೆಣ್ಣೆಯ ಹಾಗೆ ಸರಿಯಿತು.

ಹೊರಗೆ ಮ್ಯಾನೇಜರ್ ತೆರೆಯ ಕಡೆ ಹಲ್ಲು ಕಿರಿಯುತ್ತಾ, ಕಿರುಬೆರಳಿನಿಂದ ಬಾಗಿಲು ತಟ್ಟಿದ. ಬೆವರಿಗೆ ಟೈ ಕತ್ತಿಗೆ ಅಂಟಿಕೊಂಡಿತ್ತು.

"ಗುಬ್ಬೀ... ಅಮ್ಮಾ... ಆಯ್ತೇನಮ್ಮಾ?"

"ಸ್ವಲ್ಪ ತಡ್ಕೊಳ್ಳಿ ಸಾರ್."

ಅಂಗಳದಲ್ಲಿದ್ದ ಚಿಕ್ಕಮ್ಮನ ಕಿವಿಗೆ ಅದು ಬಿತ್ತು. ಪೊರಕೆ ಅಲ್ಲೇ ಬಿಸಾಕಿ ಒಳಬಂದವಳು, ಮೊಣಕೈಯಿಂದ ಮ್ಯಾನೇಜರನನ್ನು ಪಕ್ಕಕ್ಕೆ ಸರಿಸಿ ಬಾಗಿಲಿಗೆ ಒರಗಿ ನಿಂತಳು. ತೆರೆಯ ಮೇಲಿನ ಬಿಳಿಗೂದಲಿಗೆ ಕೈ ಬೀಸಿದಳು.

"ಇವಳಾದ ಮೇಲೆ ನಾನು," ಎಂದಳು. "ಸಾರ್, ನೀವು ನನ್ನ ಹಿಂದೆ ನಿಂತ್ಕೊಳ್ಳಿ."