ಹನ್ನೊಂದು ಜನವರಿಗಳು

ಸರ್ಕಾರ ನಮ್ಮಂಥವರಿಗೆ ಮೂರು ಬೆಲೆ ಕಟ್ಟಿದೆ. ನೈರೋಬಿ, ಮೊಂಬಾಸಾದಂಥ ದೊಡ್ಡ ಊರಲ್ಲಿ ಊಟ ಬಡಿಸುವವಳಿಗೆ ಒಂದು ಬೆಲೆ, ಮಧ್ಯಮ ಪೇಟೆಗಳಲ್ಲಿ ಅದಕ್ಕಿಂತ ಕಡಿಮೆ, ಉಳಿದ ಕಡೆ ಅದಕ್ಕೂ ಕಡಿಮೆ. ಆ ಪಟ್ಟಿಯಲ್ಲಿ ನಮ್ಮ ಮ್ಟಿಟೊ ಆಂಡೈ ಹೆಸರೇ ಇಲ್ಲ. ಕೊನೆಯಲ್ಲಿ ‘ಇತರೆ ಪ್ರದೇಶಗಳು’ ಅಂತ ಒಂದು ಸಾಲಿದೆಯಲ್ಲ, ಅದು ನಾವು. ಮೊಂಬಾಸಾದಲ್ಲಿ ತಿಂಗಳಿಗೆ ಹದಿನೇಳು ಸಾವಿರ ಶಿಲ್ಲಿಂಗ್ ಕೊಡುವ ಕೆಲಸಕ್ಕೆ ಇಲ್ಲಿ ಹತ್ತು ಸಾವಿರ. ತಟ್ಟೆಯ ಭಾರವೇನೂ ಇಲ್ಲಿ ಕಡಿಮೆಯಿಲ್ಲ.

ನನ್ನ ಹೆಸರು ಕತುಂಗೆ. ಹೆದ್ದಾರಿ ಪಕ್ಕದ ಮುಸೆಂಬಿಯವರ ಹೋಟೆಲಿನಲ್ಲಿ ಹನ್ನೊಂದು ವರ್ಷದಿಂದ ಬಡಿಸುತ್ತಿದ್ದೇನೆ. ನೈರೋಬಿಯಿಂದ ಮೊಂಬಾಸಾಕ್ಕೆ ಹೋಗುವ ಬಸ್ಸು, ಅಲ್ಲಿಂದ ಬರುವ ಬಸ್ಸು, ಎರಡೂ ನಮ್ಮಲ್ಲಿ ಇಪ್ಪತ್ತು ನಿಮಿಷ ನಿಲ್ಲುತ್ತವೆ. ಅಷ್ಟರೊಳಗೆ ಅರವತ್ತು ಜನ ಕೈ ತೊಳೆದು, ತಿಂದು, ಕಾಸು ಕೊಟ್ಟು, ಹಿತ್ತಲಿಗೆ ಹೋಗಿ ಬರಬೇಕು. ಒಂದೇ ತೋಳಿನ ಮೇಲೆ ಐದು ತಟ್ಟೆ ಇಟ್ಟುಕೊಂಡು ಓಡುತ್ತೇನೆ. ಟಿಪ್ಸು ಗಿಪ್ಸು ಏನಿಲ್ಲ. ಹಾರನ್ ಕೇಳಿದ ಕೂಡಲೇ ಬಾಯಲ್ಲಿನ ಚಪಾತಿ ಸಮೇತ ಓಡುವವನು ಟಿಪ್ಸು ಎಲ್ಲಿ ಕೊಡುತ್ತಾನೆ? ಮಲಗುವುದು ಹೋಟೆಲಿನ ಹಿಂದಿನ ಕೋಣೆಯಲ್ಲಿ, ಇನ್ನು ಮೂವರು ಹುಡುಗಿಯರ ಜೊತೆ. ಮಗಳು ಮುಮೊಗೆ ಹತ್ತು ವರ್ಷ. ಕಿಬ್ವೇಜಿಯಲ್ಲಿ ನಮ್ಮ ಚಿಕ್ಕಮ್ಮನ ಮನೆಯಲ್ಲಿದ್ದಾಳೆ. ಅವಳು ನನ್ನನ್ನು ‘ಭಾನುವಾರದ ಅಮ್ಮ’ ಅನ್ನುತ್ತಾಳೆ. ತಮಾಷೆಗೇ ಅನ್ನುವುದು, ನಾನೂ ನಗುತ್ತೇನೆ.

ಬಸ್ಸು ಯಾವ ಹೋಟೆಲಿನ ಮುಂದೆ ನಿಲ್ಲಬೇಕು ಅನ್ನುವುದು ಡ್ರೈವರನ ಮರ್ಜಿ. ಅದಕ್ಕೇ ಡ್ರೈವರುಗಳಿಗೆ ಒಳಗಡೆ ಬೇರೆ ಕೋಣೆ. ಊಟ ಪುಕ್ಕಟೆ, ಹೊರಡುವಾಗ ಯಜಮಾನರ ಕೈಯಿಂದ ಮಡಿಚಿದ ಒಂದು ನೋಟು. ಆ ಕೋಣೆ ನೋಡಿಕೊಳ್ಳುವುದು ನಾನೇ. ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಖಾರ ಆಗಲ್ಲ, ಯಾರು ಹೆಂಡತಿ ಜೊತೆ ಜಗಳ ಆಡಿಕೊಂಡು ಬಂದಿದ್ದಾನೆ, ಎಲ್ಲ ನನಗೆ ಗೊತ್ತು.

ಮೊಂಬಾಸಾದ ಸುದ್ದಿ ತಂದವನೂ ಒಬ್ಬ ಡ್ರೈವರೇ, ಕಿತ್ಸಾವೊ. ಒಂಬತ್ತು ವರ್ಷದಿಂದ ನನ್ನ ಕೈಯೂಟ ಉಣ್ಣುತ್ತಿರುವವನು. ಅವತ್ತು ಕೈಗೆ ಬಿಸಿನೀರು ಹೊಯ್ಯುತ್ತಿದ್ದಾಗ ಕೇಳಿದ.

“ಅಕ್ಕಾ, ಇಲ್ಲೇ ಈ ಚೆಂಬು ಹಿಡ್ಕೊಂಡೇ ಮುದುಕಿ ಆಗ್ತೀಯಾ?”

“ಆಗ್ತೀನಿ. ನಿನ್ನ ಮೊಮ್ಮಕ್ಕಳ ಕೈಗೂ ನಾನೇ ನೀರು ಹಾಕ್ತೀನಿ, ಬಿಡು.”

“ತಮಾಷೆ ಅಲ್ಲ ಕಣೇ. ಮೊಂಬಾಸಾದ ನ್ಯಾಲಿ ಕಡೆ ಸಮುದ್ರದ ದಂಡೇಲಿ ಒಂದು ದೊಡ್ಡ ಹೋಟ್ಲು. ನನ್ನ ಭಾವಮೈದ ಅಲ್ಲಿ ಸೆಕ್ಯುರಿಟಿ. ಸೀನಿಯರ್ ಬೇಕಂತೆ, ಐದು ವರ್ಷ ಮೇಲೆ ಅನುಭವ ಇರೋಳು. ಇಪ್ಪತ್ತೆಂಟು ಸಾವಿರ. ನಿನ್ನಷ್ಟು ಅನುಭವ ಈ ದಾರೀಲಿ ಯಾರಿಗಿದೆ ಹೇಳು?”

ಇಪ್ಪತ್ತೆಂಟು! ಒಂದು ಕೋಣೆ ಬಾಡಿಗೆ ಹಿಡಿದು ಮುಮೊಳನ್ನು ಕರೆಸಿಕೊಂಡು ಸ್ಕೂಲಿಗೆ ಹಾಕಬಹುದು. ನನ್ನದೇ ಒಂದು ಬಾಗಿಲು, ನನ್ನದೇ ಒಂದು ಬೀಗ. ಅವತ್ತು ಎರಡು ಬಸ್ಸಿನ ಜನಕ್ಕೆ ಏನು ಬಡಿಸಿದೆನೋ ನನಗೆ ನೆನಪಿಲ್ಲ.

ಕೆಲಸ ಮಾಡಿದ್ದಕ್ಕೆ ಸರ್ಟಿಫಿಕೇಟು ಬೇಕಿತ್ತು. ಹೆದರಿಕೊಂಡೇ ಯಜಮಾನರ ಹತ್ತಿರ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ಮುಸೆಂಬಿ ನಕ್ಕರು.

“ಹೋಗಮ್ಮಾ, ಹೋಗು. ಮಕ್ಕಳು ಮೇಲಕ್ಕೆ ಹೋದ್ರೆ ಅಪ್ಪನಿಗೆ ಸಂತೋಷ ತಾನೆ?” ಅಂದು ಟೈಪು ಮಾಡಿಸಿ, ಸೀಲು ಒತ್ತಿ, ಲಕೋಟೆ ಅಂಟಿಸಿ ಕೊಟ್ಟರು. ಅಂಟಿಸಿದ್ದನ್ನು ನಾನು ಬಿಚ್ಚಲಿಲ್ಲ. ಎಷ್ಟು ದೊಡ್ಡ ಮನಸ್ಸು ಅಂತ ಕಣ್ಣಲ್ಲಿ ನೀರು ಬೇರೆ ಬಂತು ನನಗೆ. ನನ್ನಂಥ ದಡ್ಡಿ ಇನ್ನೊಬ್ಬಳಿಲ್ಲ.

ಸೋಮವಾರ ಕಿತ್ಸಾವೊನ ಬಸ್ಸಿನಲ್ಲೇ ಹೋದೆ. ಆ ಹೋಟೆಲಿನ ಮ್ಯಾನೇಜರು ಸೌಮು ಅನ್ನುವ ಹೆಂಗಸು, ನನ್ನದೇ ವಯಸ್ಸು. ಮೊದಲು ಮಾತಿಲ್ಲ ಕತೆಯಿಲ್ಲ, ಎಂಟು ಜನ ಕೂತಿದ್ದ ಒಂದು ಮೇಜಿನ ಕಡೆ ಕೈ ತೋರಿಸಿದಳು. ಬರೆದುಕೊಳ್ಳದೆ ಎಂಟು ಜನರ ಆರ್ಡರು ತಗೊಂಡೆ, ಐದು ತಟ್ಟೆ ಒಂದು ತೋಳಲ್ಲಿ, ಮೂರು ಇನ್ನೊಂದರಲ್ಲಿ, ಯಾರಿಗೆ ಏನು ಅಂತ ಒಮ್ಮೆಯೂ ಕೇಳದೆ ಇಟ್ಟು ಬಂದೆ. ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದ ಹುಡುಗಿಯರು ಬಾಯಿ ಬಿಟ್ಟುಕೊಂಡು ನೋಡಿದರು. ಹೌದು, ಜಂಬ ಬಂತು. ಯಾಕೆ ಬರಬಾರದು?

ಆಮೇಲೆ ‘ಹನ್ನೊಂದು ವರ್ಷದ ಅನುಭವ ಮೇಡಂ’ ಅಂತ ಲಕೋಟೆ ಕೊಟ್ಟೆ, ಸೌಮು ಬಿಚ್ಚಿದಳು. ಓದಿ, ನನ್ನ ಮುಖ ನೋಡಿ, ಮತ್ತೆ ಓದಿದಳು.

“ಹನ್ನೊಂದು ವರ್ಷ ಅಂದೆಯಲ್ಲ? ಇದರಲ್ಲಿ ಎಂಟು ತಿಂಗಳು ಅಂತಿದೆ. ಜನವರಿ ಇಪ್ಪತ್ತರಿಂದ. ತಾತ್ಕಾಲಿಕ ಅಂತ ಬೇರೆ.”

“ಟೈಪು ಮಾಡಿದವನು ತಪ್ಪು ಮಾಡಿರ್ತಾನೆ ಮೇಡಂ.”

“ಜನವರೀಲಿ ನಿಮ್ಮ ಹತ್ರ ಏನಾದ್ರೂ ಸೈನ್ ಮಾಡಿಸ್ಕೊಳ್ತಾರಾ?”

“ಅದು ರಜೆ ಕಾಗದ. ಕ್ರಿಸ್‌ಮಸ್ ಗಲಾಟೆ ಮುಗಿದ ಮೇಲೆ ಎಲ್ಲರಿಗೂ ಎರಡು ವಾರ ರಜೆ ಕೊಡ್ತಾರೆ. ಜೊತೆಗೆ ಎರಡು ಕೇಜಿ ಸಕ್ಕರೆ, ಒಂದು ಚೀಲ ಹಿಟ್ಟು.”

“ಅದು ರಜೆ ಅಲ್ಲ ಕಣಮ್ಮ,” ಅಂದಳು ಸೌಮು. ದನಿ ತಗ್ಗಿಸಿ ಅಂದಳು, ಅದಕ್ಕೇ ಇನ್ನೂ ಕಷ್ಟವಾಯಿತು. “ಅದು ಕೆಲಸ ಬಿಟ್ಟ ಕಾಗದ. ಲೆಕ್ಕ ಚುಕ್ತಾ ಆಯ್ತು, ಇನ್ನೇನೂ ಕೇಳೋದಿಲ್ಲ ಅಂತ ನೀನೇ ಬರೆದುಕೊಟ್ಟ ಹಾಗೆ. ಎರಡು ವಾರ ಬಿಟ್ಟು ಹೊಸಬಳು ಅಂತ ಮತ್ತೆ ತಗೋತಾರೆ. ಯಾವತ್ತೂ ನೀನು ಹಳಬಳಾಗೋದೇ ಇಲ್ಲ.”

ನನಗೆ ಓದು ಬರುವುದಿಲ್ಲ ಅಂತಲ್ಲ, ಎಂಟನೇ ಕ್ಲಾಸು ಪಾಸಾಗಿದ್ದೇನೆ. ಆದರೆ ಒಬ್ಬ ಮನುಷ್ಯ ಸಕ್ಕರೆ ಕೈಗಿಡುತ್ತಿರುವಾಗ ಅವನ ಕಾಗದವನ್ನು ಎದುರೇ ನಿಂತು ಓದುವುದು ಮರ್ಯಾದೆಯಲ್ಲ ಅಂತ ಬೆಳೆದವರು ನಾವು. ಹನ್ನೊಂದು ಜನವರಿಯಲ್ಲಿ ಹನ್ನೊಂದು ಸಲ ನನ್ನ ಕೆಲಸವನ್ನು ನಾನೇ ಕಳೆದುಕೊಂಡು, ‘ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ ಯಜಮಾನ್ರೇ’ ಅಂದು ಬಂದಿದ್ದೆ.

ಸೌಮು ಒಳ್ಳೆಯವಳು. “ಎಂಟು ತಿಂಗಳಲ್ಲಿ ಕಲಿಯೋ ಕೈಯಲ್ಲ ಇದು, ನನಗೂ ಕಣ್ಣಿದೆ. ಆದ್ರೆ ಆಫೀಸು ಕಾಗದ ಕೇಳುತ್ತೆ. ಈ ಕಾಗದಕ್ಕೆ ಹೊಸಬರ ಸಂಬಳ, ಹದಿನೇಳು,” ಅಂದಳು. ಹದಿನೇಳರಲ್ಲಿ ಮೊಂಬಾಸಾದಲ್ಲಿ ನಾನು ಮತ್ತೆ ಮೂವರ ಜೊತೆ ಮಲಗಬೇಕು, ಮುಮೊ ಕಿಬ್ವೇಜಿಯಲ್ಲೇ ಇರಬೇಕು. ಭಾನುವಾರವೂ ಸಿಗುವುದಿಲ್ಲ. ಲಕೋಟೆ ಎತ್ತಿಕೊಂಡು ಎದ್ದವಳಿಗೆ ಅವಳೇ ಒಂದು ದಾರಿ ಹೇಳಿದಳು. ಐದಾರು ವರ್ಷ ನನ್ನನ್ನು ಮುಸೆಂಬಿಯವರ ಹೋಟೆಲಿನಲ್ಲಿ ನೋಡಿದ ಇಬ್ಬರು, ನಂಟರಲ್ಲದವರು, ಗುರುತಿನ ಚೀಟಿಯ ನಂಬರು ಹಾಕಿ ಬರೆದುಕೊಟ್ಟರೆ ಸಾಕು. ಶನಿವಾರದವರೆಗೆ ಜಾಗ ಹಿಡಿದಿಡುತ್ತೇನೆ ಅಂದಳು.

ವಾಪಸ್ಸು ಬಂದವಳೇ ಮುಸೆಂಬಿಯವರ ಮುಂದೆ ನಿಂತೆ. ಅವರು ಕೂಗಾಡಲಿಲ್ಲ. ಫೈಲು ತೆಗೆದು ಹನ್ನೊಂದು ಕಾಗದ ಸಾಲಾಗಿ ಹರಡಿದರು. ಎಲ್ಲದರಲ್ಲೂ ನನ್ನದೇ ಸಹಿ, ಮೊದಲನೆಯದರಲ್ಲಿ ಕೆಳಗೊಂದು ಗೆರೆ ಎಳೆದು ಚಂದ ಮಾಡಿ ಹಾಕಿದ್ದೆ.

“ನಾನೇನಾದ್ರೂ ಸುಳ್ಳು ಬರೆದಿದ್ದೀನಾ? ನೀನೇ ನೋಡು. ಸಕ್ಕರೆ ಕೊಟ್ಟಿದ್ದು ಸುಳ್ಳಾ? ಕತುಂಗೆ, ಕೋಪ ಮಾಡ್ಕೋಬೇಡ. ನೀನು ಹೋದ್ರೆ ಆ ಡ್ರೈವರುಗಳ ಕೋಣೆ ಯಾರು ನೋಡ್ಕೋತಾರೆ ಹೇಳು? ಹೋಗು, ಬಸ್ಸು ಬರೋ ಹೊತ್ತಾಯ್ತು.”

ಲೇಬರ್ ಆಫೀಸಿಗೆ ಹೋದರೂ ತೋರಿಸಬೇಕಾದ್ದು ಅದೇ ಕಾಗದ, ಅದೇ ಸಹಿ. ಅಡಿಗೆ ಮಾಡುವ ಮಾಲುಕಿಯನ್ನು ಕೇಳಿದೆ. ಅವನು ನನಗಿಂತ ಎರಡು ವರ್ಷ ಹಳಬ. “ಬರೆದುಕೊಡ್ತೀನಿ ತಾಯಿ, ಆದ್ರೆ ಕಾಗದದಲ್ಲಿ ನಾನೂ ಈ ಜನವರೀಲಿ ಸೇರಿದವನು. ಹನ್ನೊಂದು ವರ್ಷದ ಹಿಂದೆ ನಿನ್ನ ನಾನು ಎಲ್ಲಿ ನೋಡಿದೆ ಅಂತ ಬರೀಲಿ?” ಅಂದ. ಬೇರೆ ಹುಡುಗಿಯರೆಲ್ಲ ಒಂದೆರಡು ವರ್ಷದವರು.

ಉಳಿದವರು ಡ್ರೈವರುಗಳು. ಅವರಿಗೆ ಲೈಸೆನ್ಸಿದೆ, ಕಂಪನಿಯ ಪುಸ್ತಕವಿದೆ, ಯಾವ ವರ್ಷ ಯಾವ ದಿನ ಇಲ್ಲಿ ಬಸ್ಸು ನಿಲ್ಲಿಸಿದರು ಅನ್ನುವುದಕ್ಕೆ ಲೆಕ್ಕವಿದೆ. ಗುರುವಾರ ಮಧ್ಯಾಹ್ನ ಆ ಕೋಣೆಯಲ್ಲಿ ಆರು ಜನ ಕೂತಿದ್ದರು. ಎಲ್ಲರ ಕೈಗೂ ನೀರು ಹಾಕಿದೆ, ಉಗಾಲಿ ಮುದ್ದೆ ಇಟ್ಟೆ, ಆಡಿನ ಮಾಂಸದ ಸಾರು ಬಡಿಸಿದೆ. ಆಮೇಲೆ ಬಾಗಿಲು ಮುಂದೆ ಮಾಡಿ, ನಡೆದದ್ದನ್ನೆಲ್ಲ ಹೇಳಿದೆ.

“ಇಬ್ಬರು ಸಾಕು. ಎರಡೇ ಸಾಲು. ಇವಳು ಇಲ್ಲಿದ್ದಳು ಅಂತ, ಅಷ್ಟೇ.”

ಗಿಚೂಕಿ ಅನ್ನುವ ಹಿರಿಯ ಡ್ರೈವರು ಮುದ್ದೆ ಮುರಿಯುತ್ತಾ, “ನೀನು ಹೋದ್ರೆ ನನ್ನ ಸಕ್ಕರೆ ಕಾಯಿಲೆ ಯಾರಿಗಮ್ಮಾ ನೆನಪಿರುತ್ತೆ?” ಅಂದ. ಇಬ್ಬರು ನಕ್ಕರು. ನಾನು ಕಿತ್ಸಾವೊನ ಕಡೆ ತಿರುಗಿದೆ.

“ಸುದ್ದಿ ತಂದವನು ನೀನು.”

“ಹೌದು ಅಕ್ಕಾ.”

“ಒಂಬತ್ತು ವರ್ಷ.”

“ಹೌದು.” ಅವನ ಕಣ್ಣು ತಟ್ಟೆ ಬಿಟ್ಟು ಏಳಲಿಲ್ಲ. “ನನ್ನ ನಂಬರು ಆ ಕಾಗದದಲ್ಲಿದ್ರೆ ಮುಸೆಂಬಿಗೆ ಗೊತ್ತಾಗ್ದೆ ಇರುತ್ತಾ? ದಿನಕ್ಕೊಂದು ಊಟ, ಆ ನೋಟು... ಅದರಲ್ಲೇ ಹುಡುಗನ ಫೀಸು ನಡೀತಾ ಇದೆ. ಬೇರೆ ಏನಾದ್ರೂ ಕೇಳು. ಮೊಂಬಾಸಾಕ್ಕೆ ಸೀಟು ಬೇಕಾ? ಯಾವಾಗ ಬೇಕಾದ್ರೂ ಬಾ, ಮುಂದಿನ ಸೀಟೇ ಕೊಡ್ತೀನಿ, ಕಾಸು ಬೇಡ.”

ಎಲ್ಲಿಗೆ ಹೋಗಲಿ ಆ ಸೀಟಿನಲ್ಲಿ? ಕಿರುಚಬೇಕು ಅನಿಸಿತು. ತಟ್ಟೆಗಳನ್ನೆಲ್ಲ ಒಂದೇ ಏಟಿಗೆ ಗುಡಿಸಿ ನೆಲಕ್ಕೆ ಹಾಕಬೇಕು ಅನಿಸಿತು. ಅವನೇನು ಕೆಟ್ಟವನಲ್ಲ. ಅವನೂ ನನ್ನ ಹಾಗೇ ಮುಸೆಂಬಿಯ ಅನ್ನದಲ್ಲಿ ಸಿಕ್ಕಿಕೊಂಡವನು, ಆ ಅನ್ನವನ್ನು ಇಷ್ಟು ವರ್ಷ ತಟ್ಟೆಗೆ ಹಾಕಿದವಳು ನಾನು. ಹೊರಗೆ ಬಸ್ಸಿನ ಕ್ಲೀನರು ತಗಡು ಬಡಿದು ಜನರನ್ನು ಕೂಗತೊಡಗಿದ. ಐದು ನಿಮಿಷ ಉಳಿದಿತ್ತು.

ಕಿತ್ಸಾವೊ ತಟ್ಟೆಯನ್ನು ಮೆಲ್ಲಗೆ ನನ್ನ ಕಡೆ ಸರಿಸಿದ. “ಅಕ್ಕಾ... ಸ್ವಲ್ಪ ಸಾರು.”

ಪಾತ್ರೆ ಎತ್ತಿಕೊಂಡೆ. ಮೇಲಿನ ನೀರು ಬಡಿಸಿ ಮುಗಿಸೋಣ ಅಂತಲೇ ಸೌಟು ಹಾಕಿದ್ದು. ಸೌಟು ನೇರ ತಳಕ್ಕೆ ಹೋಗಿ, ಅವನಿಗೆ ಇಷ್ಟವಾದ ಮೂಳೆಯ ತುಂಡನ್ನೇ ಹುಡುಕಿ ತಂದಿತು.