ಎರಡು ಬಣ್ಣದ ಪರದೆ

ಹಗಲೆಲ್ಲ ಹೊಲಿಗೆ ಯಂತ್ರ ತುಳಿಯುವವಳಿಗೆ ಚೀನಾ-ವಿಯೆಟ್ನಾಂ ಸಂಬಂಧದ ಇತಿಹಾಸ ಯಾಕೆ ಬೇಕಿತ್ತು ಎಂದು ಕೇಳದವರಿಲ್ಲ. ಬೇಕಿತ್ತು, ಅಷ್ಟೇ! ಏಳು ವರ್ಷ ಜೀವ ತೇದು ಪ್ರಬಂಧ ಬರೆದಿದ್ದೆ. ಇವತ್ತಿನ ಮೌಖಿಕ ಪರೀಕ್ಷೆಯಲ್ಲಿ ಗೆದ್ದರೆ ಪಿಎಚ್‌.ಡಿ., ಎಡವಿದರೆ ಎಲ್ಲವೂ ನೀರುಪಾಲು.

ಪರೀಕ್ಷೆಯ ಕೋಣೆಯ ಕೊನೆಯ ಸಾಲಿನಲ್ಲಿ ಅಕ್ಕ ಫ್ಲಾಸ್ಕ್ ಹಿಡಿದು ಕೂತಿದ್ದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಇರುವುದು ಪಕ್ಕದ ಬೀದಿಯಲ್ಲಾದರೂ ನನ್ನ ಮನೆಯಲ್ಲಿ ಈಗಲೂ ಅವಳದೇ ದರ್ಬಾರು.

ಹಿರಿಯ ಪರೀಕ್ಷಕರು ಕನ್ನಡಕವನ್ನು ಮೂಗಿನ ತುದಿಗಿಳಿಸಿದರು. "ವಿಯೆಟ್ನಾಂ ದೊರೆ ಚೀನಾಕ್ಕೆ ಪತ್ರ ಬರೆಯೋವಾಗ ಬರೀ ರಾಜ. ತನ್ನ ಮನೇಲಿ ಮಾತ್ರ ಚಕ್ರವರ್ತಿ. ಇದು ಬೂಟಾಟಿಕೆ ಅಲ್ವೇನಮ್ಮಾ?"

"ಅಲ್ಲ ಸರ್."

"ಯಾಕಲ್ಲ? ಪುಸ್ತಕದ ಮಾತು ಬೇಡ, ನಿಮ್ಮ ಮಾತು ಹೇಳಿ."

ಹೊಳೆದದ್ದು ಒಂದೇ ಉದಾಹರಣೆ, ಅದನ್ನು ಕೇಳಬಾರದವಳು ಹಿಂದೆಯೇ ಕೂತಿದ್ದಾಳೆ! ಹೇಳಿದರೆ ಅಕ್ಕ ನೊಂದುಕೊಳ್ಳುತ್ತಾಳೆ, ಬಿಟ್ಟರೆ ಏಳು ವರ್ಷ ಹೋಯಿತು. ಅವಳ ಮುಖ ನೋಡದೆ ಬಾಯಿಬಿಟ್ಟೆ.

"ನಮ್ಮಕ್ಕ ಕಿಟಕಿ ಪರದೆಗೆ ಹಸಿರು ಬಟ್ಟೆ ತಂದ್ಕೊಟ್ಲು ಸರ್. ನಂಗೆ ಆ ಬಣ್ಣ ಕಂಡ್ರೆ ಆಗಲ್ಲ. ಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ, ಹಿಂದಕ್ಕೆ ಹಳದಿ ಬಟ್ಟೆ ಸೇರಿಸಿ ಹೊಲಿದೆ. ದಿನಾ ಕೋಣೆ ಕಡೆಗೆ ಹಳದಿ. ಮೆಟ್ಟಿಲ ಮೇಲೆ ಅವಳ ಚಪ್ಪಲಿ ಸದ್ದು ಕೇಳಿದ್ರೆ ತಿರುಗಿಸಿ ಹಸಿರು. ಅವಳ ಮನಸ್ಸೂ ನೋಯಬಾರ್ದು, ನನ್ನ ಮನೆನೂ ನಂದಾಗೇ ಇರ್ಬೇಕು. ವಿಯೆಟ್ನಾಂ ಮಾಡಿದ್ದೂ ಇಷ್ಟೇ."

ಕೋಣೆಯಲ್ಲಿ ನಗು ಎದ್ದಿತು.

"ಸರಿ, ಚೀನಾಕ್ಕೆ ಇದು ಗೊತ್ತಿರ್ಲಿಲ್ವಾ?"

ಅದರ ಮೇಲೆ ಒಂದಿಡೀ ಅಧ್ಯಾಯ ಬರೆದಿದ್ದೇನೆ. ಆ ಪುಟ ಹುಡುಕಲು ಪ್ರಬಂಧ ತೆರೆದೆ.

"ಗೊತ್ತಿತ್ತು," ಎಂದಿತು ಹಿಂದಿನಿಂದ ಅಕ್ಕನ ದನಿ. "ಒಳಗಡೆಗೆ ಹಸಿರು ತಿರುಗಿಸಿದ್ರೆ ಬೀದಿ ಕಡೆಗೆ ಹಳದಿ ಬರಲ್ವೇನೇ, ಪೆದ್ದಿ? ವಾಪಸ್ ಹೋಗ್ತಾ ಪ್ರತಿಸಲ ನೋಡ್ತಿದ್ದೆ."

ಪರೀಕ್ಷೆ ಎಂಬುದೂ ಮರೆತುಹೋಯಿತು. "ಮತ್ಯಾಕೆ ಸುಮ್ನಿದ್ದೆ?"

"ನಾನು ಬರ್ತಿದ್ದೀನಿ ಅಂತ ಗೊತ್ತಾದ ತಕ್ಷಣ ಮಾಡ್ತಿರೋ ಕೆಲಸ ಬಿಟ್ಟು ಓಡ್ತೀಯಲ್ಲ. ನಂಗೆ ಅಷ್ಟು ಸಾಕು ಕಣೆ."

ನನಗೆ ಅಳು ಬಂತು. ಪರೀಕ್ಷಕರು ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಉತ್ತರವೇನೋ ಬಂತು. ಪದವಿ ಯಾರಿಗೆ ಕೊಡೋದಮ್ಮಾ, ನಿಮಗೋ ಅವರಿಗೋ?" ಎನ್ನುತ್ತಲೇ ನನ್ನ ಹೆಸರಿನ ಮುಂದೆ ಸಹಿ ಹಾಕಿದರು.

ಸಂಜೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ಗುಟ್ಟು ರಟ್ಟಾಗಿದೆ, ಇನ್ನೇಕೆ ಈ ಆಟ? ಆದರೂ ಕತ್ತರಿ ಬಿಸಾಡಿ ಓಡಿಹೋಗಿ ಪರದೆ ತಿರುಗಿಸಿದೆ.